ಟೀಚರ್ ಆಟ

ಸೋಮವಾರ ಬೆಳಿಗ್ಗೆ ಶಿಶುವಿಹಾರದ ಬೀಗ ತೆಗೆದು ಒಳಗೆ ಕಾಲಿಟ್ಟ ಪ್ರೇಮಮ್ಮ ಮೊದಲು ನೋಡಿದ್ದು ನೆಲವನ್ನು. ಕಿಟಕಿಯ ಕೆಳಗೆ, ಮಕ್ಕಳ ಚಾಪೆ ಸುತ್ತಿಡುವ ಜಾಗದಲ್ಲಿ, ಕೆಂಪು ಗಾರೆ ಉಳಿದ ಕಡೆಯಂತೆಯೇ ಇತ್ತು. ಆದದ್ದು ಶನಿವಾರ, ನಡುವೆ ಒಂದು ಭಾನುವಾರ ಕಳೆದಿದೆ, ಒಣಗದೆ ಏನು ಎಂದುಕೊಂಡರೂ ಬಗ್ಗಿ ಅಂಗೈಯಿಂದ ಸವರಿದಳು. ಆಮೇಲೆ ಆ ಅಂಗೈಯನ್ನು ಮೂಸಿದಳು. ಹೀಗೆ ಮೂಸುವುದನ್ನು ಯಾರಾದರೂ ಕಂಡಾರೆಂದು ತಟ್ಟನೆ ಎದ್ದು, ಗೋಡೆಯ ಮೇಲಿನ ಮಕ್ಕಳ ವರ್ಷದ ಚಿತ್ರಪಟವನ್ನು ಸರಿಮಾಡುವವಳಂತೆ ಅದರ ಅಂಚು ಮುಟ್ಟಿದಳು. ಅದು ಸರಿಯಾಗಿಯೇ ಇತ್ತು. ನಾಲಗೆಯ ಬದಿಯ ಗಾಯಕ್ಕೆ ಬೆಳಗಿನ ಕಾಫಿ ತಾಗಿದ್ದು ಇನ್ನೂ ಚುರುಗುಡುತ್ತಿತ್ತು.

ಶನಿವಾರದ್ದು ಅವಳಿಗೆ ಪೂರ್ತಿ ನೆನಪಿಲ್ಲ. ಎಂದೂ ಪೂರ್ತಿ ನೆನಪಿರುವುದಿಲ್ಲ. ಆಯಾ ಮಾರಮ್ಮ ಹಿಟ್ಟಿನ ಗಿರಣಿಗೆ ಹೋಗಿದ್ದಳು. ಮಕ್ಕಳು ಕೂತು ಕಾಗೆಯ ಕತೆ ಕೇಳುತ್ತಿದ್ದವು. ಕಿಟಕಿಯ ಸರಳುಗಳು ಇದ್ದಕ್ಕಿದ್ದಂತೆ, ಯಾರೋ ಈಗಷ್ಟೇ ತೊಳೆದು ನಿಲ್ಲಿಸಿದ ಹಾಗೆ ಬಹಳ ಸ್ಪಷ್ಟವಾಗಿ ಕಂಡವು. ಒದ್ದೆ ಸ್ಲೇಟಿನ ವಾಸನೆ ಬಂತು. ಕಾಗೆ ಎಂಬ ಮಾತು ಬಾಯಲ್ಲಿ ಮುಗಿಯಲೇ ಇಲ್ಲ. ಆಮೇಲೆ ಕಣ್ಣಿಗೆ ಬಿದ್ದದ್ದು ಮಾಡಿನ ಹೆಂಚು, ಅದರ ಕೆಳಗೆ ಸುತ್ತಲೂ ಮಕ್ಕಳ ಮುಖ. ಮೈಮೇಲೆ ಒಂದು ಚಾಪೆ ಹೊದಿಸಿತ್ತು. ಬಲಗೈಯ ಮುಷ್ಟಿಯಲ್ಲಿ ಏನೋ ಪುಡಿಯಾಗಿ ಅಂಟಿಕೊಂಡಿತ್ತು, ಬಿಡಿಸಿ ನೋಡಿದರೆ ಬಿಸ್ಕತ್ತು. ಸೀರೆ ಒದ್ದೆ. “ಟೀಚರ್ ನಿದ್ದೆ ಮಾಡಿದ್ರು ಅಷ್ಟೆ” ಎಂದು ತೊದಲುತ್ತ, ಗೋಡೆ ಹಿಡಿದು ಎದ್ದು, ಮಾರಮ್ಮನ ಕಾಲಸಪ್ಪಳ ಕೇಳುವಷ್ಟರಲ್ಲಿ ಕುಡಿಯುವ ನೀರಿನ ಬಿಂದಿಗೆಯನ್ನು ತನ್ನ ಮೇಲೆ ತಾನೇ ಬಗ್ಗಿಸಿಕೊಂಡಿದ್ದಳು. “ನಾನಿಲ್ವಾ ಟೀಚರಮ್ಮ, ನೀವ್ಯಾಕೆ ಬಿಂದಿಗೆ ಎತ್ತಕ್ಕೋದ್ರಿ” ಎಂದು ಮಾರಮ್ಮ ನೆಲ ಒರೆಸಿದ್ದಳು. ಅಷ್ಟೂ ಮಕ್ಕಳು ಅದನ್ನು ನೋಡುತ್ತ ನಿಂತಿದ್ದವು. ಬಿದ್ದದ್ದಕ್ಕಿಂತ, ಆ ನೀರು ಸುರಿದುಕೊಂಡದ್ದನ್ನು ಅವು ನೋಡಿದವಲ್ಲ ಎಂಬುದೇ ಭಾನುವಾರವಿಡೀ ಅವಳನ್ನು ಕೊರೆದಿತ್ತು.

ಮನೆಯಲ್ಲಿ ಅದಕ್ಕೆ ಇದ್ದ ಹೆಸರು ಪಿತ್ತ. ಅವ್ವ ತೀರ್ಥಮ್ಮ ಬೇರೆ ಹೆಸರನ್ನು ಬಾಯಲ್ಲಿ ಆಡಿದವಳಲ್ಲ. ತರೀಕೆರೆಯಲ್ಲಿ ಅಣ್ಣ ಸೋಮಶೇಖರಪ್ಪನ ಮನೆಗೆ ಹೆಣ್ಣು ಕೇಳುವವರು ಬರುವ ಕಾಲ ಹತ್ತಿರವಾದಾಗ, ಅವನ ಮಗಳ ಸಂಬಂಧ ಕೆಡದಿರಲೆಂದು ಅವ್ವ, ಪ್ರೇಮಮ್ಮ ಇಬ್ಬರೂ ಅಜ್ಜಂಪುರದ ಈ ಬಾಡಿಗೆ ಮನೆಗೆ ಬಂದಾಗಲೂ ಅವ್ವ ಅಂದದ್ದು, “ತರೀಕೆರೆ ನೀರು ಒಗ್ಗಲ್ಲ ಕಣ್ರೀ ಇವಳಿಗೆ, ಪಿತ್ತ ಜಾಸ್ತಿ.” ಕಡೂರಿನ ಅಚ್ಚಿನ ಮನೆಯಲ್ಲಿ ಅಕ್ಷರದ ಮೊಳೆ ಜೋಡಿಸುವ ಕೆಲಸದಲ್ಲಿದ್ದಾಗ ಬಿದ್ದದ್ದು ಮೊಳೆಗಳ ಪೆಟ್ಟಿಗೆಯ ಮೇಲೆ. ಎಚ್ಚರವಾದಾಗ ಮಾಲೀಕ ಮೊಣಕಾಲೂರಿ ಕೂತಿದ್ದ. ತನ್ನನ್ನು ಎತ್ತಲು ಎಂದುಕೊಂಡು ಕೈ ಚಾಚಿದರೆ ಅವನು ಚೆಲ್ಲಿದ ಅಕ್ಷರಗಳನ್ನು ಆರಿಸುತ್ತಿದ್ದ. “ಇಷ್ಟನ್ನೂ ಮತ್ತೆ ಬೇರೆ ಮಾಡೋರು ಯಾರಮ್ಮ?” ಎಂದ. ಬೈಯಲಿಲ್ಲ. ಬೈದಿದ್ದರೆ ಎದುರು ಮಾತಾಡಬಹುದಿತ್ತು. ಚಾಚಿದ ಕೈಯನ್ನು ಕೂದಲು ಸರಿಮಾಡಲೆಂಬಂತೆ ತಲೆಗೆ ಒಯ್ದಿದ್ದಳು. ಶಿವಮೊಗ್ಗೆಯ ಡಾಕ್ಟರು ಕೊಟ್ಟ ಮಾತ್ರೆಯನ್ನು ಎರಡು ಹೊತ್ತೂ ನುಂಗಿದರೆ ಅದು ಬರುವುದಿಲ್ಲ, ನಿಜ; ಆದರೆ ಮಾತ್ರೆ ನುಂಗಿದರೆ ತಲೆಯೊಳಗೆ ಹತ್ತಿ ತುರುಕಿದ ಹಾಗೆ. ಮಳೆಗಾಲದಲ್ಲಿ ಒಮ್ಮೆ, ಶಿಶುವಿಹಾರ ನಡೆಸುವ ಗೃಹಿಣಿ ಸಮಾಜದ ಅಧ್ಯಕ್ಷೆ ದಾಕ್ಷಾಯಣಮ್ಮನವರು ಹೇಳದೆ ಕೇಳದೆ ಬಂದಾಗ ಮಕ್ಕಳ ಜೊತೆ ಇವಳೂ ತೂಕಡಿಸುತ್ತಿದ್ದಳು. “ಮಕ್ಳು ಮಲಗಿಸೋಕೆ ಟೀಚರ್ ಬೇಕು, ಟೀಚರನ್ನ ಮಲಗಿಸೋಕೆ ಯಾರ್ನ ಇಡಾನ?” ಎಂದು ನಕ್ಕಿದ್ದರು. ಆ ನಗುವಿಗೆ ಹೆದರಿ ಅವಳು ಮಾತ್ರೆಯನ್ನು ಬ್ಲೇಡಿನಿಂದ ಅರ್ಧ ಮಾಡತೊಡಗಿದ್ದಳು. ಅಂದಿನಿಂದ ಎಚ್ಚರವಾಗಿಯೇ ಇದ್ದಳು. ಹಾಡು ಕಟ್ಟಿದಳು, ಜೋಳದ ದಂಟಿನಿಂದ ಗಾಡಿ, ಎತ್ತು ಮಾಡಿಕೊಟ್ಟಳು. ಪ್ರೇಮ ಟೀಚರ್ ಬಂದಮೇಲೆ ಮಕ್ಕಳು ಅಳೋದೇ ಬಿಟ್ಟವು ಎಂದು ಅದೇ ದಾಕ್ಷಾಯಣಮ್ಮನವರು ಸಭೆಯಲ್ಲಿ ಅಂದರಂತೆ. ಕೆಲಸ ಉಳಿಯಬೇಕಾದರೆ ಎಚ್ಚರವಾಗಿರಬೇಕು, ಎಚ್ಚರವಾಗಿದ್ದರೆ ಬೀಳಬೇಕು.

ಮಕ್ಕಳು ಒಂದೊಂದಾಗಿ ಬಂದವು. ಬಟ್ಟೆ ಅಂಗಡಿ ಚನ್ನಬಸಪ್ಪನವರ ಮೊಮ್ಮಗಳು ಶಿವಗಂಗೆ, ಎಲ್ಲರ ಬಾಯಲ್ಲಿ ಗಂಗಿ, ಎಂದಿನಂತೆ ಚಪ್ಪಲಿಯನ್ನು ಅದಲುಬದಲು ಹಾಕಿಕೊಂಡು ಬಂದು “ನಮಸ್ತೇ ಟೀಚರ್” ಎಂದಳು. ಈರುಳ್ಳಿ ಮಂಡಿಯಲ್ಲಿ ಕೂಲಿ ಮಾಡುವ ಯಲ್ಲಮ್ಮನ ಮಗ ಬೀರ ಮೂಗೊರೆಸಿಕೊಳ್ಳುತ್ತ ಬಂದು ಅವಳ ಸೀರೆಗೆ ಮುಖ ಉಜ್ಜಿದ. ಪ್ರೇಮಮ್ಮ ಒಂದೊಂದು ಮುಖವನ್ನೂ ಓದಿದಳು. ದೊಡ್ಡವರ ಮುಖವಾದರೆ ಅವಳಿಗೆ ಗೊತ್ತಾಗುತ್ತಿತ್ತು. ಕಣ್ಣು ನಿಮ್ಮ ಕಣ್ಣಿಗೆ ಸಿಗದೆ ಹಣೆಯ ಹತ್ತಿರ ಎಲ್ಲೋ ನಿಲ್ಲುತ್ತದೆ, ಮಾತು ಒಂದು ತೂಕ ಮೆತ್ತಗಾಗುತ್ತದೆ. ಈ ಮುಖಗಳಲ್ಲಿ ಅದೊಂದೂ ಇರಲಿಲ್ಲ. ಮರೆತಿವೆ, ಮಕ್ಕಳು, ಮರೆತುಬಿಟ್ಟಿವೆ ಎಂದುಕೊಂಡಳು. ಎದೆಯ ಮೇಲಿಂದ ಚಪ್ಪಡಿ ಎತ್ತಿದಂತಾಗಿ, ಹಾಡು ಹೇಳಿಕೊಡುವಾಗ ಬೇಕಾದ್ದಕ್ಕಿಂತ ಗಟ್ಟಿಯಾಗಿ ಹಾಡಿದಳು.

ಮಧ್ಯಾಹ್ನ ಉಪ್ಪಿಟ್ಟು ಮುಗಿದು, ಮಾರಮ್ಮ ಹಿತ್ತಲಲ್ಲಿ ತಟ್ಟೆ ತಿಕ್ಕುತ್ತಿದ್ದಳು. ಪ್ರೇಮಮ್ಮ ಕೈ ತೊಳೆದು ಬಂದು ಬಾಗಿಲಲ್ಲೇ ನಿಂತಳು. ಒಳಗೆ ಮಕ್ಕಳು ಅರ್ಧ ವೃತ್ತವಾಗಿ ಕೂತಿದ್ದವು. ಅವುಗಳ ಎದುರು ಗಂಗಿ ನಿಂತು, ಹೆಗಲ ಮೇಲೆ ಒಂದು ಟವೆಲನ್ನು ಸೆರಗಿನಂತೆ ಹೊದ್ದು, “ಒಂದೂರಲ್ಲಿ ಒಂದು ಕಾಗೆ ಇತ್ತಂತೆ. ಆ ಕಾ...” ಎಂದವಳು ನಿಲ್ಲಿಸಿಬಿಟ್ಟಳು. ಕತ್ತು ನಿಧಾನವಾಗಿ ಬಲಕ್ಕೆ ತಿರುಗಿತು. ಕಣ್ಣಾಲಿ ಮೇಲೆ ಹೋಯಿತು. ಒಂದು ಪಕ್ಕಕ್ಕೆ ಬಿದ್ದಳು. ಪುಟ್ಟ ಕೈ ಮಣಿಕಟ್ಟಿನಲ್ಲಿ ಒಳಕ್ಕೆ ಮಡಿಸಿಕೊಂಡು ಎದೆಯ ಮೇಲೆ ಬಡಿಯತೊಡಗಿತು, ಕಾಲು ನೆಲ ಉಜ್ಜಿತು, ಗಂಟಲಿನಿಂದ ಒಂದು ಸದ್ದು ಬಂತು, ಕರುವಿನದೂ ಅಲ್ಲದ ಮನುಷ್ಯರದೂ ಅಲ್ಲದ ಸದ್ದು. ಪ್ರೇಮಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಅಯ್ಯೋ ಮಗು ಎಂದು ಓಡಬೇಕೆಂದು ಎತ್ತಿದ ಕಾಲು ಹಾಗೆಯೇ ನಿಂತಿತು. ಏಕೆಂದರೆ ಉಳಿದ ಮಕ್ಕಳು ಗಾಬರಿಯಾಗದೆ ತಮ್ಮತಮ್ಮ ಕೆಲಸ ಮಾಡುತ್ತಿದ್ದವು. ಒಬ್ಬಳು ಚಾಪೆ ತಂದು ಹೊದಿಸಿದಳು, ಒಬ್ಬ ಸ್ಲೇಟಿನಿಂದ ಗಾಳಿ ಬೀಸಿದ, ಬೀರ ಬಗ್ಗಿ ಗಂಗಿಯ ಮುಷ್ಟಿಯೊಳಗೆ ಒಂದು ಕಲ್ಲು ಇಟ್ಟು, “ತಿನ್ನಿ ಟೀಚರ್” ಎಂದ.

ಇದೇನಾ ಅದು. ಏಳು ವರ್ಷದವಳಿದ್ದಾಗಿನಿಂದ ತನ್ನ ಮೈಯಲ್ಲಿದ್ದದ್ದು, ಶಾಲೆಯಲ್ಲಿ, ಬಾವಿಕಟ್ಟೆಯಲ್ಲಿ, ಮದುವೆಮನೆಯಲ್ಲಿ, ಬೀರೂರಿನ ರೈಲ್ವೆ ಪ್ಲಾಟ್‌ಫಾರಮ್ಮಿನಲ್ಲಿ ಗುರುತಿಲ್ಲದವರೆಲ್ಲ ಸುತ್ತ ನಿಂತು ಕಂಡದ್ದು, ತಾನೊಬ್ಬಳೇ ಎಂದೂ ಕಾಣದ್ದು. ಅವ್ವನನ್ನು ಒಮ್ಮೆ ಕೇಳಿದ್ದಳು, ನಾನು ಹೆಂಗೆ ಕಾಣ್ತೀನಿ ಆವಾಗ? ಅವ್ವ ಮುಖ ತಿರುಗಿಸಿ, “ಸಾಯೋ ಮಾತಾಡ್ಬೇಡ” ಎಂದಿದ್ದಳು. ಅಂದಿನಿಂದ ಅವಳು ತನ್ನನ್ನು ಏನೇನೋ ಆಗಿ ಕಲ್ಪಿಸಿಕೊಂಡಿದ್ದಳು: ನೊರೆ ಕಾರುವ ಪ್ರಾಣಿ, ಬಟ್ಟೆ ಕಿತ್ತುಕೊಳ್ಳುವ ಹೆಂಗಸು, ಬಾಯಿಗೆ ಬಂದದ್ದು ಬೈಯುವ ದೆವ್ವ ಹಿಡಿದವಳು. ಇಲ್ಲಿ ನೋಡಿದರೆ ಟವೆಲು ಹೊದ್ದ ಒಂದು ಪುಟ್ಟ ಮೈ, ಗುಬ್ಬಚ್ಚಿಯಂತೆ ಒದ್ದಾಡುತ್ತ. ಆಟ ನಿಲ್ಲಿಸಬೇಕಿತ್ತು. ಗದರಬೇಕಿತ್ತು. ಆದರೆ ಅವಳ ಬಾಯಿಂದ ಬಂದ ಮಾತು, “ಆಮೇಲೆ?”

ಮಕ್ಕಳು ಬೆಚ್ಚಿ ತಿರುಗಿದವು. ಟೀಚರ್ ಬೈಯಲಿಲ್ಲವೆಂದು ಗೊತ್ತಾದ ಕೂಡಲೆ ಎಲ್ಲಕ್ಕೂ ಬಾಯಿ ಬಂತು. “ಆಮೇಲೆ ಟೀಚರ್ ಉಚ್ಚೆ ಹೊಯ್ಕೊಂಡ್ರು” ಎಂದ ಒಬ್ಬ, ನಗದೆ, ಕಾಗೆ ನೀರು ಕುಡಿಯಿತು ಎನ್ನುವ ಧಾಟಿಯಲ್ಲಿ. ಪ್ರೇಮಮ್ಮ ಅವರ ನಡುವೆ ಕುಕ್ಕರುಗಾಲಲ್ಲಿ ಕೂತಳು.

“ನಾನು ಅಳ್ತಿದ್ನಾ?”

“ಇಲ್ಲ” ಎಂದಳು ಗಂಗಿ ಎದ್ದು ಕೂತು. “ಕಣ್ಣು ಬಿಟ್ಕೊಂಡೇ ಇದ್ರಿ. ನಮ್ಮನ್ನ ನೋಡ್ತಾ ಇರ್ಲಿಲ್ಲ.”

“ನಿಮಗೆ ಹೆದ್ರಿಕೆ ಆಗ್ಲಿಲ್ವೇನ್ರೋ?”

“ಬೀರ ಅತ್ತ” ಎಂದಳು ಗಂಗಿ. ಬೀರ ಇಲ್ಲವೆಂದು ತಲೆಯಾಡಿಸಿದ.

“ಇನ್ನೊಂದ್ಸಲ ತೋರ್ಸು ಪುಟ್ಟಿ” ಎಂದಳು ಪ್ರೇಮಮ್ಮ. ಮೆಲ್ಲಗೆ ಅಂದಳು, ಹಿತ್ತಲಿನ ತಟ್ಟೆಗಳ ಸದ್ದಿನ ಕಡೆ ಒಂದು ಕಿವಿ ಇಟ್ಟು. ಎರಡನೆಯ ಸಲ ಗಂಗಿ ಮೊದಲಿಗಿಂತ ಚೆನ್ನಾಗಿ ಮಾಡಿದಳು. ತುಟಿಯ ಕೊನೆಯಲ್ಲಿ ಉಗುಳನ್ನು ಗುಳ್ಳೆಯಾಗಿಸಿದಳು. ಪ್ರೇಮಮ್ಮ ಕಣ್ಣು ಮಿಟುಕಿಸದೆ ನೋಡಿದಳು, ಕೊನೆಯವರೆಗೂ, ಮೈ ಸಡಿಲವಾಗಿ ಮುಖ ಒಂದು ಕಡೆಗೆ ವಾಲುವವರೆಗೂ. ಎದ್ದ ಮಗುವಿನ ಕೆನ್ನೆ ತಟ್ಟಿ, “ಜಾಣೆ” ಎಂದಳು. ಗಂಗಿಯ ಮುಖ ಅರಳಿತು. ಆ ಸಂಜೆ ಮನೆಗೆ ನಡೆಯುವಾಗ ಸ್ಟೇಷನ್ ರಸ್ತೆಯಲ್ಲಿ ಈರುಳ್ಳಿ ಮೂಟೆಯ ಗಾಡಿಗಳಿಗೆ ಜಾಗ ಬಿಡುತ್ತ ಅವಳಿಗೆ ಏನೋ ಹಗುರ. ಅಷ್ಟೇ ಅದು. ನಾಲ್ಕು ವರ್ಷದ ಹುಡುಗಿ ಮಾಡಿ, ಎದ್ದು, ನೀರು ಕೇಳುವಂಥದ್ದು.

ಮಂಗಳವಾರ ಗಂಗಿ ಬರಲಿಲ್ಲ. ಪ್ರಾರ್ಥನೆ ಮುಗಿಯುವಷ್ಟರಲ್ಲಿ ಮಾರಮ್ಮ ಬಾಗಿಲಿಗೆ ಬಂದು, “ಅಧ್ಯಕ್ಷರಮ್ಮ ಕರೀತಾವ್ರೆ. ಈಗ್ಲೇ ಬರ್ಬೇಕಂತೆ. ಮಕ್ಳು ನಾನು ನೋಡ್ಕೊತೀನಿ” ಎಂದಳು. ಮಾರಮ್ಮನ ಕಣ್ಣು ಪ್ರೇಮಮ್ಮನ ಹಣೆಯ ಹತ್ತಿರ ನಿಂತಿತ್ತು.

ದಾಕ್ಷಾಯಣಮ್ಮನವರ ನಡುಮನೆಯಲ್ಲಿ ಗಂಗಿಯ ಅಜ್ಜಿ ಕಂಬಕ್ಕೆ ಒರಗಿ ಕೂತಿದ್ದಳು. ಗಂಗಿಯ ತಾಯಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡಿದ್ದಳು. ವಿಭೂತಿ ಇರುವ ಜಾಗದಲ್ಲಿ, ಎರಡು ಹುಬ್ಬಿನ ನಡುವೆ ಸ್ವಲ್ಪ ಮೇಲೆ, ಮಗುವಿನ ಹಣೆ ಅರ್ಧ ಬಳೆಯ ಆಕಾರಕ್ಕೆ ಸುಟ್ಟು ಉಬ್ಬಿತ್ತು. ಅದರ ಮೇಲೆ ಬೆಣ್ಣೆ ಸವರಿದ್ದರು. ಪ್ರೇಮಮ್ಮ ನಿಂತಲ್ಲೇ ನಿಂತಳು.

“ನಿನ್ನೆ ದೀಪ ಹಚ್ಚೋ ಹೊತ್ತು ಕಣವ್ವ” ಎಂದಳು ಅಜ್ಜಿ, ಯಾರೂ ಕೇಳದಿದ್ದರೂ. “ಧೊಪ್ಪಂತ ಬಿತ್ತು ಮಗ. ಕಣ್ಣು ಮೇಲೆ ಹೋಗ್ಬಿಟ್ವು. ಕೈಕಾಲು ಒದರ್ತೈತೆ, ಬಾಯಾಗೆ ನೊರೆ. ನಮ್ಮ ವಂಶದಾಗೇ ಇಲ್ಲದ್ದು. ಬಳೆ ಚೂರು ಕಾಯ್ಸಿ ಇಟ್ಟೇ ಬಿಟ್ಟೆ. ಇಟ್ಟಿದ್ದೇ ತಡ, ಚಿಟ್ಟಂತ ಚೀರಿ ಎದ್ದು ಕೂತ್ಕಂತು. ಹತ್ತಿತು ನೋಡು ಮದ್ದು.”

“ಅವಾಗಿಂದ ಟೀಚರ್ ಆಟ, ಟೀಚರ್ ಆಟ ಅಂತ ಅಳ್ತಾನೇ ಐತೆ” ಎಂದಳು ತಾಯಿ. “ಏನು ಟೀಚರ್ ಅದು?”

“ಏನಾದ್ರೂ ಆಗ್ಲಿ, ನಾಳೆ ಬುಕ್ಕಾಂಬುಧಿ ಕಡೆ ಒಬ್ರ ಹತ್ರ ಕರ್ಕಂಡೋಗ್ತೀವಿ. ಕತ್ತಿನ ಹಿಂದೆ ಇನ್ನೊಂದು ಬರೆ ಹಾಕ್ತಾರಂತೆ. ಮತ್ತೆ ಬರಂಗಿಲ್ಲ” ಎಂದಳು ಅಜ್ಜಿ.

ದಾಕ್ಷಾಯಣಮ್ಮನವರು ಉಯ್ಯಾಲೆಯ ಸರಪಳಿ ಹಿಡಿದು ನಿಂತಿದ್ದರು. “ನೋಡು ಪ್ರೇಮ, ಮಕ್ಳು ಏನೇನೋ ಹೇಳ್ತವೆ. ಟೀಚರ್ ಬಿದ್ರು, ಟೀಚರ್ ಒದ್ದಾಡಿದ್ರು ಅಂತಾಳೆ ಇವಳು. ಹಂಗೇನೂ ಆಗಿಲ್ಲ ಅಂತ ಒಂದು ಮಾತು ಹೇಳ್ಬಿಡಮ್ಮ. ನಂಗೂ ಸಮಾಧಾನ.” ಅವರ ದನಿಯಲ್ಲಿ ಬೇಡಿಕೆ ಇತ್ತು. ಅವರಿಗೆ ಒಳ್ಳೆಯ ಟೀಚರ್ ಬೇಕಾಗಿತ್ತು, ಅದು ಪ್ರೇಮಮ್ಮನಿಗೆ ಗೊತ್ತಾಯಿತು. ಒಂದು ಮಾತು. ಅವ್ವ ಇಷ್ಟು ವರ್ಷ ತಿಕ್ಕಿ ತೊಳೆದು ಹೊಳಪು ಮಾಡಿ ಕೊಟ್ಟಿರುವ ಮಾತು ನಾಲಗೆಯ ಮೇಲೆಯೇ ಇತ್ತು: ಸ್ವಲ್ಪ ಪಿತ್ತ ಅಮ್ಮಾವ್ರೇ, ತಲೆ ಸುತ್ತಿ ಕೂತ್ಕೊಂಡೆ, ಮಕ್ಳು ಬೆಳೆಸಿ ಹೇಳ್ತವೆ. ಹಾಗಂದರೆ ಬಿದ್ದವಳು ಗಂಗಿಯೇ ಆಗುತ್ತಾಳೆ, ನಾಳೆ ಅವಳಿಗೆ ಇನ್ನೊಂದು ಬರೆ. ತಾನು ಚಿಕ್ಕವಳಿದ್ದಾಗ ದೇವನೂರಿನ ತನ್ನ ಅಜ್ಜಿಯ ಮನೆಯ ಹಿತ್ತಲು, ಇದ್ದಿಲ ವಾಸನೆ, ಕುಡುಗೋಲಿನ ತುದಿ ಕೆಂಪಾಗುವುದನ್ನೇ ನೋಡುತ್ತಿದ್ದ ಹೆಂಗಸರು. ತನ್ನ ಎರಡು ಕಾಲನ್ನೂ ಯಾರೋ ಗಟ್ಟಿಯಾಗಿ ಅಮುಕಿ ಹಿಡಿದಿದ್ದರು. ಬೋರಲು ಮಲಗಿಸಿದ್ದರಿಂದ ಯಾರೆಂದು ಕಾಣಲಿಲ್ಲ, ಆದರೆ ಆ ಬಳೆಗಳ ಸದ್ದು ಅವ್ವನದು. ಕತ್ತಿನ ಹಿಂದೆ ಜಡೆಯ ಬುಡದಲ್ಲಿ ಆ ಚರ್ಮ ಈಗಲೂ ರಬ್ಬರಿನಂತಿದೆ, ಚಿವುಟಿದರೆ ನೋವಾಗುವುದಿಲ್ಲ. ಅದಾದಮೇಲೂ ಅದು ಬರುವುದು ನಿಲ್ಲಲಿಲ್ಲ. ಬಂದಾಗಲೆಲ್ಲ ಎಲ್ಲರೂ ಸಿಟ್ಟಾಗುತ್ತಿದ್ದರು, ಸುಟ್ಟದ್ದು ವ್ಯರ್ಥವಾಯಿತಲ್ಲ ಎಂದು, ಅವಳ ಮೇಲೆ.

“ಮಗೂಗೆ ಏನೂ ಇಲ್ಲ” ಎಂದಳು ಪ್ರೇಮಮ್ಮ. ತನ್ನ ದನಿ ಇಷ್ಟು ದೊಡ್ಡದಿತ್ತೆಂದು ಅವಳಿಗೇ ಆಶ್ಚರ್ಯವಾಯಿತು. “ಅವಳನ್ನ ಎಲ್ಲೂ ಕರ್ಕೊಂಡು ಹೋಗ್ಬೇಡಿ. ನನ್ನ ಹಾಗೆ ಮಾಡಿ ತೋರಿಸ್ತಾ ಇದ್ಳು ಅಷ್ಟೆ. ಅದು ಇರೋದು ನನಗೆ.”

“ಯಾವುದು?” ಎಂದಳು ಗಂಗಿಯ ತಾಯಿ.

“ಮೂರ್ಛೆ ರೋಗ.”

ಹೇಳಿದ ಮೇಲೆ ಆ ಪದ ನಡುಮನೆಯಲ್ಲಿ ಒಂದು ಪಾತ್ರೆಯಂತೆ ಉಳಿಯಿತು, ಯಾರೂ ಎತ್ತಿಡಲಿಲ್ಲ. ಅಜ್ಜಿ ಮಾತ್ರ ಮಗುವನ್ನು ತನ್ನ ಕಡೆ ಎಳೆದುಕೊಳ್ಳುತ್ತ, “ಶಿವನೇ, ಇವಳ ಎಂಜಲು ಗಿಂಜಲು ತಿಂದೈತೇನೋ” ಎಂದಳು. ಆಗ ಗಂಗಿ ಬೆಣ್ಣೆ ಸವರಿದ ಮುಖವನ್ನು ಅಜ್ಜಿಯ ಕೈಯಿಂದ ಬಿಡಿಸಿಕೊಂಡು ಪ್ರೇಮಮ್ಮನನ್ನು ನೋಡಿದಳು. “ಟೀಚರ್, ಇನ್ನೊಂದ್ಸಲ ತೋರ್ಸು ಅಂದ್ರಲ್ಲ ನೀವು. ಜಾಣೆ ಅಂದ್ರಲ್ಲ. ಹೇಳಿ ಇವ್ರಿಗೆ.”

ರೋಗದ ಹೆಸರು ಕೇಳಿ ಕನಿಕರದಿಂದ ಮೆತ್ತಗಾಗಿದ್ದ ದಾಕ್ಷಾಯಣಮ್ಮನವರ ಮುಖ ಈ ಮಾತಿಗೆ ಮುಚ್ಚಿಕೊಂಡಿತು. “ನೀನೇ ಮಾಡ್ಸಿದ್ಯಾ? ಮಕ್ಳ ಕೈಲಿ?” ಎಂದರು. ತನಗೆ ತನ್ನನ್ನು ನೋಡಬೇಕಾಗಿತ್ತು ಎಂಬುದನ್ನು ಯಾವ ಮಾತಿನಲ್ಲಿ ಹೇಳಬಹುದು? ಗಂಗಿಯ ತಾಯಿ ಬೈಯುತ್ತಾಳೆಂದು ಪ್ರೇಮಮ್ಮ ಕಾದಳು. ಅವಳು ಬೈಯಲಿಲ್ಲ; ಸೆರಗಿನ ತುದಿಯಿಂದ ಮಗುವಿನ ಹಣೆಯ ಬೆಣ್ಣೆಯನ್ನು, ಸುಟ್ಟದ್ದಕ್ಕೆ ತಾಗದ ಹಾಗೆ ಸುತ್ತಲೂ ಒರೆಸುತ್ತ, ಸದ್ದಿಲ್ಲದೆ ಅಳುತ್ತಿದ್ದಳು. “ಏನೂ ಇಲ್ದಿದ್ದ ಮಗೂಗೆ” ಎಂದಷ್ಟೇ ಅಂದಳು. ಅಜ್ಜಿ ಕಂಬದ ಕಡೆ ತಿರುಗಿಕೊಂಡಳು.

ಹೊರಟಾಗ ದಾಕ್ಷಾಯಣಮ್ಮನವರು ಬಾಗಿಲವರೆಗೆ ಬಂದರು. “ಸಂಜೆವರೆಗೂ ಇದ್ದು ನಡೆಸ್ಕೊಡು, ಈಗಿಂದೀಗ ಬೇರೆ ಯಾರೂ ಸಿಗಲ್ಲ. ಮಾರಮ್ಮ ಒಳಗೇ ಇರ್ತಾಳೆ. ನಾಳೆಯಿಂದ...” ಎಂದು ನಿಲ್ಲಿಸಿ, “ಮನೇಲಿ ಆರಾಮಾಗಿರಮ್ಮ. ಸಮಾಜದಲ್ಲಿ ಪೂಜೆ ಇದ್ದಾಗ ಹೇಳಿ ಕಳಿಸ್ತೀನಿ, ನಿಮ್ಮಮ್ಮನ್ನೂ ಕರ್ಕೊಂಡು ಪ್ರಸಾದಕ್ಕೆ ಬಾ” ಎಂದರು. ಪ್ರೇಮಮ್ಮ ಆಗಲಿ ಅಮ್ಮಾವ್ರೇ ಎಂದಳು. ಅದನ್ನು ಅಂದದ್ದಕ್ಕೆ ರಸ್ತೆಯುದ್ದಕ್ಕೂ ತನ್ನ ಮೇಲೆ ತಾನೇ ಉರಿದುಕೊಂಡಳು.

ಮಾರಮ್ಮನಿಗೆ ಆಗಲೇ ಅಪ್ಪಣೆ ತಲುಪಿತ್ತು. ಹಿತ್ತಲಿಗೆ ಹೋಗದೆ ಹೊಸ್ತಿಲ ಮೇಲೆ ಕೂತಿದ್ದಳು. ಪ್ರೇಮಮ್ಮ ಬಿಟ್ಟುಹೋಗಿದ್ದ ಶಿಶುವಿಹಾರದ ಬೀಗದಕೈ ಈಗ ಅವಳ ಸೆರಗಿನ ತುದಿಯ ಗಂಟಿನಲ್ಲಿತ್ತು. ಪ್ರೇಮಮ್ಮ ಉಪ್ಪಿಟ್ಟು ಬಡಿಸಲು ಸೌಟಿಗೆ ಕೈ ಹಾಕಿದರೆ, “ಬುಡಿ ಟೀಚರಮ್ಮ, ನಾ ಬಡಿಸ್ತೀನಿ” ಎಂದಳು. ಮಲಗುವ ಹೊತ್ತಿಗೆ ಬೀರ ಎಂದಿನಂತೆ ಚಾಪೆ ಬಿಟ್ಟು ಉರುಳಿ ಬಂದು ಪ್ರೇಮಮ್ಮನ ತೊಡೆಯ ಮೇಲೆ ತಲೆಯಿಟ್ಟ. ಮಾರಮ್ಮ ಎದ್ದು ಬಂದು, ನಿದ್ದೆ ಕೆಡದ ಹಾಗೆ ಅವನನ್ನು ಎತ್ತಿ ಚಾಪೆಗೆ ಹಾಕಿದಳು. “ಹೇಳವ್ರೆ. ನಾನೇನ್ ಮಾಡ್ಲಿ” ಎಂದಳು, ಬೇರೆ ಕಡೆ ನೋಡುತ್ತ. ಪ್ರೇಮಮ್ಮ ಅದೇ ಭಂಗಿಯಲ್ಲಿ, ಕಾಲು ಚಾಚಿಕೊಂಡೇ ಕೂತಿದ್ದಳು. ತಲೆಯಿದ್ದ ಜಾಗದಲ್ಲಿ ಸೀರೆ ಸ್ವಲ್ಪ ಹೊತ್ತು ಬೆಚ್ಚಗಿತ್ತು.

ಆಮೇಲೆ ತಾಯಂದಿರು ಬರತೊಡಗಿದರು, ಬಿಡುವ ಹೊತ್ತಿಗೆ ಬಹಳ ಮುಂಚೆಯೇ. ಮನೆಗೆ ನೆಂಟರು ಬಂದಿದ್ದಾರೆ ಎಂದಳು ಒಬ್ಬಳು. ತವರಿಗೆ ಹೋಗಬೇಕು, ರೈಲಿಗೆ ಹೊತ್ತಾಯಿತು ಎಂದಳು ಇನ್ನೊಬ್ಬಳು. ಮತ್ತೊಬ್ಬಳಿಗೆ ಕಾರಣ ಹೊಳೆಯದೆ, “ಸುಮ್ನೆ ಬಂದೆ” ಎಂದು ನಗಲು ನೋಡಿ, ಮಲಗಿದ್ದ ಮಗಳನ್ನು ತೋಳು ಹಿಡಿದು ಎಬ್ಬಿಸಿದಳು. ಎಲ್ಲರೂ ಹೊಸ್ತಿಲಾಚೆಯೇ ನಿಂತು ಮಾರಮ್ಮನ ಕೈಯಿಂದ ಮಕ್ಕಳನ್ನು ತೆಗೆದುಕೊಂಡರು. ಎದ್ದ ಮಕ್ಕಳು ನಿದ್ದೆಗಣ್ಣಿನಲ್ಲೇ ತಿರುಗಿ “ನಮಸ್ತೇ ಟೀಚರ್” ಅಂದವು. ಒಂದೊಂದು ಚಾಪೆಯೂ ಖಾಲಿಯಾದ ಹಾಗೆ ಪ್ರೇಮಮ್ಮ ಸುತ್ತಿ ಗೋಡೆಗೆ ನಿಲ್ಲಿಸಿದಳು. ಕೊನೆಗೆ ಬೀರನೊಬ್ಬ ಉಳಿದ, ಬಾಯಿ ತೆರೆದುಕೊಂಡು ಮಲಗಿ. ಅವನ ತಾಯಿಗೆ ಸುದ್ದಿ ಹೇಳುವವರು ಯಾರೂ ಮಂಡಿಯ ಕಡೆ ಹೋಗಿರಲಿಲ್ಲ.

ಬಿಸಿಲು ಹೆಂಚಿನಿಂದ ಇಳಿದು ಹೋದ ಮೇಲೆ ಯಲ್ಲಮ್ಮ ಬಂದಳು, ಓಡಿಬಂದ ಏದುಸಿರು, ತಲೆಗೂದಲ ತುಂಬ ಈರುಳ್ಳಿ ಸಿಪ್ಪೆಯ ಪುಡಿ. ಹೊಸ್ತಿಲ ಮೇಲಿದ್ದ ಮಾರಮ್ಮನನ್ನು ದಾಟಿ ನೇರ ಒಳಗೆ ಬಂದು, ಪ್ರೇಮಮ್ಮನ ಪಕ್ಕದಲ್ಲೇ ಕೂತು, ಸೆರಗಿನಿಂದ ಮುಖ ಒರೆಸಿಕೊಂಡಳು.

“ಹೊತ್ತಾಗೋಯ್ತು ಟೀಚರ್, ಏನೂ ಅನ್ಕಬೇಡಿ. ಎಲ್ಲಾ ಮಕ್ಳೂ ಹೋಗ್ಬಿಟ್ಟವಾ? ನನ್ ಮಗನ್ನ ಕಾಯ್ಕೊಂಡು ಕೂತಿದ್ದೀರಾ?”

“ಪರವಾಗಿಲ್ಲ” ಎಂದಳು ಪ್ರೇಮಮ್ಮ.

ಯಲ್ಲಮ್ಮ ಮಗನನ್ನು ಎತ್ತಿಕೊಂಡಳು. ಅವನು ಎಚ್ಚರವಾಗದೆ ಅವಳ ಕುತ್ತಿಗೆಗೆ ಅಂಟಿಕೊಂಡ. “ನಾಳೆ ಲಾರಿಗೆ ಲೋಡ್ ಐತೆ, ಬೆಳಗಾಗ್ತಲೇ ಹೋಗ್ಬೇಕು. ಇವನ್ನ ಬೇಗ ತಂದ್ಬಿಡ್ತೀನಿ ಟೀಚರ್. ಬ್ಯಾರೆ ಎಲ್ಲಿ ಬಿಟ್ರೂ ನಂಗೆ ಜೀವ ತಡಿಯಲ್ಲ, ನಿಮ್ಮ ಹತ್ರ ಬಿಟ್ರೆ ಒಂದು ಧೈರ್ಯ. ಬೇಗ ಬಾಗ್ಲು ತೆಗೀತೀರಾ?”

ಮಾರಮ್ಮ ತಲೆಯೆತ್ತಿ ನೋಡಿದಳು. ಬಾಯಿ ತೆರೆದಳು, ಏನನ್ನಿಸಿತೋ, ಬೀಗದಕೈ ಇದ್ದ ಸೆರಗಿನ ಗಂಟನ್ನು ಬಿಗಿದುಕೊಂಡು ರಸ್ತೆಯ ಕಡೆ ತಿರುಗಿದಳು.

“ತೆಗೀತೀನಿ” ಎಂದಳು ಪ್ರೇಮಮ್ಮ. “ಕರ್ಕೊಂಡು ಬನ್ನಿ.”

ಯಲ್ಲಮ್ಮ ಮಗನ ತಲೆಯನ್ನು ಹೆಗಲಿಗೆ ಒರಗಿಸಿಕೊಂಡು, ಅವನ ಚಪ್ಪಲಿಯನ್ನು ಬೆರಳಿಗೆ ಸಿಕ್ಕಿಸಿಕೊಂಡು, ನಿಶ್ಚಿಂತೆಯಿಂದ ಮನೆಯ ದಾರಿ ಹಿಡಿದಳು.